ಥಾನಿನ ಕೊನೆಯ ತುಂಡು

ಹಳಿಯಾಳದ ಬಜಾರಿನಲ್ಲಿ ನಮ್ಮ ಅಬ್ಬಾ ಅವರದು ಒಂದು ಬಟ್ಟೆ ಅಂಗಡಿ. ಬೋರ್ಡಿನಲ್ಲಿ ‘ಕಟ್‌ಪೀಸ್ ಸೆಂಟರ್’ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ಬಂದರೆ 10 ಅಡಿ ಅಗಲ, 14 ಅಡಿ ಉದ್ದದ ಒಂದೇ ಕೋಣೆ. ಮೂರು ಗೋಡೆಗೂ ಮರದ ಕಪಾಟು, ಕಪಾಟಿನ ತುಂಬ ಥಾನುಗಳು, ಮುಂದೆ ಒಂದು ಉದ್ದನೆಯ ಟೇಬಲ್ಲು. ಏಳನೇ ತರಗತಿಯಿಂದಲೂ ರಜೆ ಬಂತೆಂದರೆ ನಾನು ಆ ಟೇಬಲ್ಲಿನ ಹಿಂದೆ ಇರುತ್ತೇನೆ. ಥಾನು ಬಿಚ್ಚುವುದು, ಮೀಟರ್ ಕಡ್ಡಿಯಿಂದ ಅಳೆಯುವುದು, ಅಂಚಿಗೆ ಕತ್ತರಿಯಿಂದ ಸ್ವಲ್ಪ ಕಚ್ಚಿಸಿ ಎರಡೂ ಕೈಯಿಂದ ‘ಚರ್ರ್’ ಎಂದು ಹರಿಯುವುದು ನನ್ನ ಕೆಲಸ. ಪಾಪ್ಲಿನ್, ಕೇಂಬ್ರಿಕ್ ನೇರವಾಗಿ ಹರಿಯುತ್ತವೆ. ಜಾರ್ಜೆಟ್ಟನ್ನು ಹಾಗೆ ಹರಿಯಲು ಹೋಗಿ ಒಮ್ಮೆ ಬೈಸಿಕೊಂಡಿದ್ದೇನೆ.

ಈಗ ನಮ್ಮ ತರಗತಿಯಲ್ಲಿ ಬಹಳ ಜನ ಬಟ್ಟೆಯನ್ನು ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಅವರಿಗೆ ಬಟ್ಟೆಯ ಅಳತೆ ಎಂದರೆ ಎಸ್, ಎಂ, ಎಲ್ ಅಷ್ಟೇ. ಆದ್ದರಿಂದ ಸಣ್ಣ ಊರಿನಲ್ಲಿ ಬಟ್ಟೆ ಕೊಳ್ಳುವುದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೆಂಗಸರು ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಕೊಂಡು ಬರುತ್ತಾರೆ. ಬ್ಲೌಸಿನ ಬಟ್ಟೆಯನ್ನು ಅದರ ಮೇಲಿಟ್ಟು ನೋಡುತ್ತಾರೆ. ನಂತರ ಎರಡನ್ನೂ ಎತ್ತಿಕೊಂಡು ಬಾಗಿಲ ಹೊರಗೆ ಬಿಸಿಲಿಗೆ ಹೋಗುತ್ತಾರೆ, ಏಕೆಂದರೆ ಅಂಗಡಿಯ ಟ್ಯೂಬ್‌ಲೈಟಿನ ಮೇಲೆ ಯಾರಿಗೂ ನಂಬಿಕೆ ಇಲ್ಲ. “ಬಣ್ಣ ಬಿಡ್ತೈತೇನ್ರೀ?” ಎಂದು ಕೇಳಿ, ನಾವು ಉತ್ತರ ಕೊಡುವುದರೊಳಗೆ ಬೆರಳು ಒದ್ದೆ ಮಾಡಿ ಮೂಲೆಯನ್ನು ಉಜ್ಜಿಯೇ ಬಿಟ್ಟಿರುತ್ತಾರೆ. ಹತ್ತಿ ಹೌದೋ ಅಲ್ಲವೋ ಎಂದು ಅನುಮಾನ ಬಂದವರಿಗೆ ಅಬ್ಬಾ ಒಂದು ಎಳೆ ಕಿತ್ತು ಬೆಂಕಿಕಡ್ಡಿಯಿಂದ ಸುಟ್ಟು ತೋರಿಸುತ್ತಾರೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ನಿಲ್ಲುತ್ತದೆ. ರಂಜಾನ್ ಕೊನೆಯ ಹತ್ತು ದಿನ ಈ ಪರೀಕ್ಷೆಗೆಲ್ಲ ಸಮಯವಿರುವುದಿಲ್ಲ. ಆಗ ದರ್ಜಿಗಳು ‘ಇನ್ನು ಹೊಲಿಗೆ ತಗೊಳ್ಳಲ್ಲ’ ಎಂದು ಬೋರ್ಡು ಹಾಕುವ ಮೊದಲೇ ಬಟ್ಟೆ ಕೊಡಬೇಕೆಂದು ಎಲ್ಲರಿಗೂ ಅವಸರ.

ಅಂಗಡಿಯವನ ನಿಜವಾದ ತಲೆನೋವು ಥಾನಿನ ಕೊನೆ. 20 ಮೀಟರಿನ ಥಾನು ಎರಡೂವರೆ ಮೀಟರಿನಂತೆ, 80 ಸೆಂಟಿಮೀಟರಿನಂತೆ ಖರ್ಚಾಗುತ್ತ ಬಂದು ಕೊನೆಗೆ ಅರ್ಧ ಮೀಟರು, ಮುಕ್ಕಾಲು ಮೀಟರು ಉಳಿಯುತ್ತದೆ. ಅದರಲ್ಲಿ ಕಮೀಜ್ ಆಗುವುದಿಲ್ಲ, ಕೆಲವೊಮ್ಮೆ ಬ್ಲೌಸೂ ಆಗುವುದಿಲ್ಲ. 2 ಮೀಟರ್ 40 ಉಳಿದಾಗ ಯಾರಾದರೂ 2 ಮೀಟರ್ ಕೇಳಿದರೆ “ಪೂರ್ತಿ ತಗೊಂಡುಬಿಡ್ರಿ ಅಕ್ಕಾರ, 40ಕ್ಕೆ ಅರ್ಧ ರೇಟ್ ಹಾಕ್ತೀನಿ” ಎಂದು ಅಬ್ಬಾ ಒಪ್ಪಿಸಲು ನೋಡುತ್ತಾರೆ. ಒಪ್ಪದಿದ್ದರೆ ಆ 40 ಸೆಂಟಿಮೀಟರು ಟೇಬಲ್ಲಿನ ಕೆಳಗಿನ ಗೋಣಿಚೀಲಕ್ಕೆ ಬೀಳುತ್ತದೆ. ಅಂತಿಮ ಸರಕನ್ನು ಅಸಲು ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಹಿಡಿಯಬೇಕು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ, ಆ ಪ್ರಕಾರ ಗೋಣಿಚೀಲದ ಬೆಲೆ ಹೆಚ್ಚುಕಡಿಮೆ ಸೊನ್ನೆ. ಅದರ ಯಜಮಾನಿ ನಮ್ಮ ದಾದಿ. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯಲ್ಲಿ ಅಪ್ಪನ ತಾಯಿ. ಪ್ರೈಮರಿಯಲ್ಲಿ ನಾನು ‘ನಮ್ಮ ಮನೆಯಲ್ಲಿ ಒಬ್ಬ ದಾದಿ ಇದ್ದಾರೆ’ ಎಂದು ಬರೆದಾಗ ಟೀಚರ್ ಯಾರಿಗೆ ಹುಷಾರಿಲ್ಲ ಎಂದು ಕೇಳಿದ್ದರು.) ದಾದಿ ತಿಂಗಳಿಗೊಮ್ಮೆ ಚೀಲ ಸುರಿದು ಹತ್ತಿಯ ತುಂಡುಗಳನ್ನು ಆರಿಸಿ ಗುದಡಿಗೆ ಒಯ್ಯುತ್ತಾರೆ. ಗುದಡಿ ಎಂದರೆ ನೀವು ಕೌದಿ ಎನ್ನುವುದೇ. ಮಾಲೀಕನು ಸ್ವಂತಕ್ಕೆ ತೆಗೆದ ಸರಕು ‘ಡ್ರಾಯಿಂಗ್ಸ್’ ಖಾತೆಗೆ ಹೋಗಬೇಕು ಎಂದು ನಾನು ಒಮ್ಮೆ ಹೇಳಿದೆ. ದಾದಿಯ ಉತ್ತರ: “ಮಾಲೀಕನ ತಾಯಿ ತೆಗೆದರೆ ಯಾವ ಖಾತೆ?”

ಈ ವರ್ಷ ನಮ್ಮ ಕಾಲೇಜಿನ ಬಿಸಿನೆಸ್ ಡೇಗೆ ಪ್ರತಿ ಗುಂಪೂ ಒಂದು ವಸ್ತುವನ್ನು ತಯಾರಿಸಿ, ಖರ್ಚಿನ ಪಟ್ಟಿ ಬರೆದು, ಮಳಿಗೆಯಲ್ಲಿ ಮಾರಬೇಕಿತ್ತು. ಮಗುವಿನ ಗುದಡಿ ಮಾಡೋಣ ಎಂದು ನಾನು ಹೇಳಿದೆ. ಅದಕ್ಕೆ ಚಿತ್ತಾರ ಹುಡುಕುವಾಗ ಸಿಕ್ಕಿದ್ದು ಅಮೆರಿಕದ ಹಳೆಯ ಕ್ವಿಲ್ಟ್‌ಗಳ ‘ಬ್ಲಾಕ್’ ವಿನ್ಯಾಸಗಳು. ನೋಡುತ್ತ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಬಟ್ಟೆ ಮನೆಗೆ ಯಾವ ದಾರಿಯಿಂದ, ಯಾವ ಅಳತೆಯಲ್ಲಿ ಬರುತ್ತದೆ ಎಂಬುದರಿಂದಲೇ ಬಹುಪಾಲು ಹೊದಿಕೆಯ ಚಿತ್ತಾರ ಹುಟ್ಟುತ್ತದೆ. ಅಂದರೆ ಅರ್ಧ ಚಿತ್ತಾರ ಅಂಗಡಿಯಲ್ಲೇ ಆಗಿಹೋಗಿರುತ್ತದೆ.

ಬ್ಲಾಕ್ ಎಂದರೆ ಒಂದು ಚೌಕ, ಸಾಮಾನ್ಯವಾಗಿ 12 ಇಂಚಿನ ಆಸುಪಾಸು. ಸಣ್ಣ ತುಂಡುಗಳನ್ನು ಸೇರಿಸಿ ಮೊದಲು ಇಂಥ ಒಂದು ಚೌಕ ಮಾಡುತ್ತಾರೆ. ಅದೇ ರೀತಿ ಇನ್ನೊಂದು, ಮತ್ತೊಂದು. ಎಲ್ಲವೂ ಆದ ಮೇಲೆ ಚೌಕಗಳನ್ನು ಒಂದಕ್ಕೊಂದು ಜೋಡಿಸಿದರೆ ಮೇಲ್ಪದರ ಸಿದ್ಧ. ಅದರ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಹಿಂಬದಿಯ ಬಟ್ಟೆ ಇಟ್ಟು ಮೂರನ್ನೂ ಹೊಲಿದು ಬಿಗಿಯುವುದು ಕೊನೆಯ ಕೆಲಸ. ಇದರ ಅನುಕೂಲ ನೋಡಿ: ಹಾಸಿಗೆಯಷ್ಟು ದೊಡ್ಡ ಬಟ್ಟೆಯನ್ನು ಹರಡಿಕೊಂಡು ಕೂರಬೇಕಿಲ್ಲ. ತೊಡೆಯ ಮೇಲೆ ಒಂದು ಚೌಕ ಇದ್ದರೆ ಸಾಕು. ಅಡುಗೆ ಮಧ್ಯೆ ಎದ್ದುಹೋದರೂ ಕೆಲಸ ಕೆಡುವುದಿಲ್ಲ. ಚಿಕ್ಕ ಮನೆಯಲ್ಲಿ, ಬಿಡುವಿಲ್ಲದ ದಿನದಲ್ಲಿ ಮಾಡಬಹುದಾದ ಕೆಲಸ.

ಎಲ್ಲಕ್ಕಿಂತ ಸುಲಭವಾದದ್ದು ‘ನೈನ್ ಪ್ಯಾಚ್’. ಮೂರು ಸಾಲು, ಸಾಲಿಗೆ ಮೂರು ಚೌಕ, ಒಟ್ಟು ಒಂಬತ್ತು. ನಾಲ್ಕು ಮೂಲೆ ಮತ್ತು ನಡುವೆ ಗಾಢ ಬಣ್ಣ, ಉಳಿದ ನಾಲ್ಕು ತಿಳಿ ಬಣ್ಣ. ಅಲ್ಲಿ ಚಿಕ್ಕ ಹುಡುಗಿಯರಿಗೆ ಹೊಲಿಗೆ ಕಲಿಸುವಾಗ ಇದರಿಂದ ಶುರು ಮಾಡುತ್ತಿದ್ದರು. ಒಂದು ಬ್ಲಾಕ್ ನೋಡಿದರೆ ಏನೂ ವಿಶೇಷವಿಲ್ಲ. ಆದರೆ ನಾಲ್ಕು ಬ್ಲಾಕ್ ಅಕ್ಕಪಕ್ಕ ಇಟ್ಟಾಗ ನಾಲ್ಕರ ಗಾಢ ಮೂಲೆಗಳು ಒಂದೆಡೆ ಕೂಡಿ ಒಂದು ದೊಡ್ಡ ಗಾಢ ಚೌಕ ಕಾಣಿಸುತ್ತದೆ. ಅದನ್ನು ಯಾರೂ ಕತ್ತರಿಸಿರಲಿಲ್ಲ! ಹಳೆಯ ಬ್ಲಾಕ್‌ಗಳ ಮಜಾ ಇರುವುದೇ ಇಲ್ಲಿ.

‘ಲಾಗ್ ಕ್ಯಾಬಿನ್’ ಅಂದರೆ ಮರದ ದಿಮ್ಮಿಯ ಮನೆ, 1860ರ ದಶಕದಿಂದ ಅಲ್ಲಿ ಮನೆಮಾತಾದ ವಿನ್ಯಾಸ. ನಡುವೆ ಒಂದು ಸಣ್ಣ ಚೌಕ, ಹೆಚ್ಚಾಗಿ ಕೆಂಪು, ಅದು ಮನೆಯ ಒಲೆ ಎನ್ನುತ್ತಾರೆ. ಅದರ ಸುತ್ತ ದಿಮ್ಮಿ ಇಟ್ಟ ಹಾಗೆ ಉದ್ದನೆಯ ಪಟ್ಟಿಗಳನ್ನು ಒಂದರ ನಂತರ ಒಂದು ಸೇರಿಸುತ್ತ ಹೋಗುವುದು. ಎರಡು ಬದಿಗೆ ತಿಳಿ, ಎರಡು ಬದಿಗೆ ಗಾಢ. ಬ್ಲಾಕನ್ನು ತಿರುಗಿಸಿ ಇಡುವುದರಲ್ಲೇ ಕೈಚಳಕ: ಒಂದು ರೀತಿ ಇಟ್ಟರೆ ಉತ್ತ ಹೊಲದ ಸಾಲಿನಂತೆ ಓರೆ ಗೆರೆ, ಇನ್ನೊಂದು ರೀತಿ ಇಟ್ಟರೆ ವಜ್ರಾಕಾರದ ಸುತ್ತುಗಳು. ಅಬ್ಬಾ ಅವರ ಗೋಣಿಚೀಲಕ್ಕೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇಲ್ಲ ಎಂದು ನನ್ನ ಅಭಿಪ್ರಾಯ, ಏಕೆಂದರೆ ಒಂದೂವರೆ ಇಂಚಿನ ಚಿಂದಿಯೂ ಇದರಲ್ಲಿ ವ್ಯರ್ಥವಾಗುವುದಿಲ್ಲ.

ಒಂದೇ ಬ್ಲಾಕಿಗೆ ಊರಿಗೊಂದು ಹೆಸರು. ರುತ್ ಫಿನ್ಲೆ ಎಂಬವರು 1929ರಲ್ಲಿ ಹಳೆಯ ಕ್ವಿಲ್ಟ್‌ಗಳ ಬಗ್ಗೆ ಪುಸ್ತಕ ಬರೆದಾಗ ಇದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ: ಪಶ್ಚಿಮದ ಕಡೆ ‘ಕರಡಿಯ ಪಂಜ’ ಎನ್ನುವ ಬ್ಲಾಕು ಫಿಲಡೆಲ್ಫಿಯಾದ ಕ್ವೇಕರ್ ಜನರಲ್ಲಿ ‘ಸ್ನೇಹದ ಹಸ್ತ’, ಲಾಂಗ್ ಐಲ್ಯಾಂಡಿನಲ್ಲಿ ‘ಕೆಸರಿನಲ್ಲಿ ಬಾತುಕೋಳಿಯ ಕಾಲು’. ಕಾಡಿನ ಹತ್ತಿರ ಇದ್ದವರಿಗೆ ಕರಡಿ ಕಂಡಿದೆ, ನೀರಿನ ಹತ್ತಿರ ಇದ್ದವರಿಗೆ ಬಾತುಕೋಳಿ. ಕೆಲವು ಬ್ಲಾಕುಗಳು ಗುಲಾಮಗಿರಿಯಿಂದ ತಪ್ಪಿಸಿಕೊಳ್ಳುವವರಿಗೆ ಗುಪ್ತ ಸಂಕೇತಗಳಾಗಿದ್ದವು ಎಂಬ ಕಥೆಯೂ ಬಹಳ ಓಡಾಡುತ್ತದೆ. 1999ರ ಒಂದು ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಇತಿಹಾಸಕಾರರು ಅದಕ್ಕೆ ಆಧಾರವಿಲ್ಲ ಎನ್ನುತ್ತಾರೆ. ಕಥೆ ಚೆನ್ನಾಗಿದೆ ಎಂದು ನಾನೂ ಮಳಿಗೆಯ ಪೋಸ್ಟರಿನಲ್ಲಿ ಬರೆದಿದ್ದೆ, ಆಮೇಲೆ ಅಳಿಸಿದೆ.

ಈ ವಿನ್ಯಾಸಗಳು ಹರಡಿದ್ದು ಹೇಗೆ ಎಂಬುದು ವಾಣಿಜ್ಯದ ವಿದ್ಯಾರ್ಥಿಗಳಿಗೆ ಹಿಡಿಸುವ ಭಾಗ. ಮೊದಲು ಅಕ್ಕಪಕ್ಕದ ಮನೆಯವರನ್ನು ನೋಡಿ ಕಲಿಯುತ್ತಿದ್ದರು. 19ನೇ ಶತಮಾನದ ಕೊನೆಗೆ ಸೇಂಟ್ ಲೂಯಿಸ್ ನಗರದ ಲೇಡೀಸ್ ಆರ್ಟ್ ಕಂಪನಿ ನೂರಾರು ಬ್ಲಾಕುಗಳಿಗೆ ನಂಬರು ಹಾಕಿ, ಕ್ಯಾಟಲಾಗ್ ಅಚ್ಚು ಹಾಕಿಸಿ, ನಕ್ಷೆಗಳನ್ನು ಅಂಚೆಯ ಮೂಲಕ ಮಾರಿತು. ‘ಕಾನ್ಸಾಸ್ ಸಿಟಿ ಸ್ಟಾರ್’ ಪತ್ರಿಕೆಯಂತೂ 1928ರಿಂದ 1961ರವರೆಗೆ ಕ್ವಿಲ್ಟ್ ವಿನ್ಯಾಸಗಳನ್ನು ಪ್ರಕಟಿಸಿತು, ಒಟ್ಟು ಸಾವಿರಕ್ಕೂ ಮೇಲೆ. ಹಳ್ಳಿಯ ಹೆಂಗಸರು ತಾವು ಮಾಡಿದ ಹೊಸ ಬ್ಲಾಕುಗಳನ್ನು ಪತ್ರಿಕೆಗೆ ಕಳಿಸುತ್ತಿದ್ದರು, ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಬಟ್ಟೆ ಬಂದದ್ದು ಎಲ್ಲಿಂದ? ಒಂದು ದಾರಿ ಊರಿನ ಅಂಗಡಿಯ ಅಗ್ಗದ ಹೂವಿನ ಅಚ್ಚಿನ ಹತ್ತಿ. ಅದನ್ನು ಅವರು ‘ಕ್ಯಾಲಿಕೊ’ ಎನ್ನುತ್ತಾರೆ. ಆ ಪದ ಬಂದದ್ದು ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಯಿಂದ. ಕ್ವಿಲ್ಟ್ ಪುಸ್ತಕಗಳಲ್ಲಿ ಬರುವ ‘ಚಿಂಟ್ಸ್’ ಎಂಬ ಪದವೂ ನಮ್ಮದೇ ‘ಛೀಂಟ್’. ನಮ್ಮ ಅಂಗಡಿಗೆ ಬರುವ ಹಿರಿಯರು ಇವತ್ತಿಗೂ ಹೂವಿನ ಅಚ್ಚಿನ ಬಟ್ಟೆಗೆ ಛೀಟು ಎಂದೇ ಕೇಳುತ್ತಾರೆ. ಭಾರತದ ಈ ಅಚ್ಚಿನ ಬಟ್ಟೆಗೆ ಇಂಗ್ಲೆಂಡಿನಲ್ಲಿ ಎಷ್ಟು ಬೇಡಿಕೆ ಇತ್ತೆಂದರೆ, ಅಲ್ಲಿನ ನೇಕಾರರ ಒತ್ತಾಯಕ್ಕೆ 1700ರಲ್ಲಿ ಅದರ ಆಮದನ್ನು, 1721ರಲ್ಲಿ ಅದರ ಬಳಕೆಯನ್ನೂ ಕಾನೂನಿನಿಂದ ತಡೆಯಬೇಕಾಯಿತು.

ಇನ್ನೊಂದು ದಾರಿ ನನಗೆ ತುಂಬ ಇಷ್ಟವಾದದ್ದು: ಚೀಲ. ಅಮೆರಿಕದ ಹಳ್ಳಿಗಳಲ್ಲಿ ಹಿಟ್ಟು, ಸಕ್ಕರೆ, ಕೋಳಿಗೆ ಹಾಕುವ ಕಾಳು ಹತ್ತಿಬಟ್ಟೆಯ ಚೀಲಗಳಲ್ಲಿ ಬರುತ್ತಿದ್ದವು. ಹೆಂಗಸರು ಖಾಲಿ ಚೀಲ ಬಿಚ್ಚಿ ಬಟ್ಟೆ ಹೊಲಿಯುತ್ತಾರೆ ಎಂದು ಕಂಪನಿಗಳಿಗೆ ಗೊತ್ತಾಯಿತು. 1920ರ ದಶಕದಿಂದ ಅವು ಚೀಲಗಳ ಮೇಲೆ ಹೂವು, ಚೌಕುಳಿ, ಪಟ್ಟೆಗಳನ್ನು ಅಚ್ಚು ಹಾಕಿದವು. ಕಂಪನಿಯ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಅಥವಾ ನೆನೆಸಿದರೆ ಬಿಡುವ ಕಾಗದದ ಚೀಟಿಯಲ್ಲಿ ಹಾಕಿದವು. 100 ಪೌಂಡಿನ ಒಂದು ಚೀಲ ಬಿಚ್ಚಿದರೆ ಒಂದು ಗಜಕ್ಕಿಂತ ಸ್ವಲ್ಪ ಹೆಚ್ಚು ಬಟ್ಟೆ. ಒಂದು ಫ್ರಾಕಿಗೆ ಒಂದೇ ಅಚ್ಚಿನ ಮೂರು ಚೀಲವಾದರೂ ಬೇಕು. ಹಾಗಾಗಿ ಕಾಳು ತರಲು ಹೋದ ಗಂಡಸು ಹೆಂಡತಿ ಕೊಟ್ಟ ಬಟ್ಟೆಯ ಚೂರನ್ನು ಕಿಸೆಯಲ್ಲಿಟ್ಟುಕೊಂಡು, ಅಂಗಡಿಯವನಿಂದ ಅದೇ ಅಚ್ಚಿನ ಚೀಲವನ್ನು ರಾಶಿಯ ತಳದಿಂದ ಎಳೆಸಬೇಕಾಗುತ್ತಿತ್ತು. ಅಬ್ಬಾ ಅವರಿಗೆ ಇದನ್ನು ಹೇಳಿದಾಗ ಅವರು ನಕ್ಕು ಕೆಮ್ಮಿದರು. ಕೆಳಗಿನ ಥಾನೇ ಬೇಕು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ ಎಂದಾಯಿತು. ಚೀಲದಲ್ಲಿ ಉಡುಪು ಹೊಲಿದು ಉಳಿದ ತುಂಡು ಬ್ಲಾಕಿಗೆ. 1950ರ ದಶಕದ ಹೊತ್ತಿಗೆ ಕಾಗದದ ಚೀಲ ಬಂತು, ಬಟ್ಟೆಯ ಚೀಲ ಮೆಲ್ಲಗೆ ಮರೆಯಾಯಿತು.

ಇಷ್ಟು ತಿಳಿದುಕೊಂಡು ನಾನು ಪಂಡಿತನಂತೆ ಕೆಲಸ ಶುರು ಮಾಡಿದೆ. 36 ಇಂಚು ಉದ್ದ, 36 ಇಂಚು ಅಗಲದ ಗುದಡಿ. 12 ಇಂಚಿನ ಒಂಬತ್ತು ನೈನ್ ಪ್ಯಾಚ್ ಬ್ಲಾಕು, ಅಂದರೆ 81 ಚೌಕ, ಅದರಲ್ಲಿ 45 ಗಾಢ. 12ನ್ನು 3ರಿಂದ ಭಾಗಿಸಿದರೆ 4, ಆದ್ದರಿಂದ 4 ಇಂಚಿನ ಚೌಕ. ಗೋಣಿಚೀಲದಲ್ಲಿ ದಾಳಿಂಬೆ ಬಣ್ಣದ ಕೇಂಬ್ರಿಕ್ 65 ಸೆಂಟಿಮೀಟರು ಸಿಕ್ಕಿತು, ಪನ್ನಾ 36 ಇಂಚು. ಎರಡೂ ಕಡೆಯ ಕಿನಾರಿ ಬಿಟ್ಟರೆ ಸಾಲಿಗೆ 8 ಚೌಕ, 6 ಸಾಲು ಸಾಕು, 24 ಇಂಚು, ಅಂದರೆ 61 ಸೆಂಟಿಮೀಟರು. ಲೆಕ್ಕ ಎಷ್ಟು ಸರಿ ಕೂಡಿತೆಂದರೆ ನನಗೇ ಹೆಮ್ಮೆಯಾಯಿತು. ಕತ್ತರಿಸಿದೆ, ಅಮ್ಮಿಯ ಮಷಿನ್ನಿನಲ್ಲಿ ಆರು ಗಂಟೆ ಕೂತು ಜೋಡಿಸಿದೆ. ಅಳೆದು ನೋಡಿದರೆ 32 ಇಂಚೂ ಸರಿಯಾಗಿ ಇಲ್ಲ.

ಹೊಲಿಗೆ ಬಲ್ಲವರು ಇಷ್ಟು ಹೊತ್ತಿಗೆ ನಗುತ್ತಿರಬಹುದು. ಎರಡು ತುಂಡು ಜೋಡಿಸುವಾಗ ಪ್ರತಿ ತುಂಡಿನ ಅಂಚಿನಲ್ಲಿ ಕಾಲು ಇಂಚು ಹೊಲಿಗೆಯ ಒಳಗೆ ಹೋಗುತ್ತದೆ. ಚೌಕಕ್ಕೆ ಎರಡು ಬದಿ, ಆದ್ದರಿಂದ ಅರ್ಧ ಇಂಚು ನಷ್ಟ. 4 ಇಂಚಿನ ಚೌಕ ಹೊಲಿದ ಮೇಲೆ ಮೂರೂವರೆ ಇಂಚು. ಸಾಲಿಗೆ 9 ಚೌಕ, 31.5 ಇಂಚು. ನಾನು ಕತ್ತರಿಸಬೇಕಾಗಿದ್ದದ್ದು ನಾಲ್ಕೂವರೆ ಇಂಚಿಗೆ. ಆಗ ಸಾಲಿಗೆ 7 ಚೌಕ ಮಾತ್ರ ಕೂರುತ್ತಿದ್ದವು, 7 ಸಾಲು ಬೇಕಾಗುತ್ತಿತ್ತು, ಒಟ್ಟು 80 ಸೆಂಟಿಮೀಟರು ಬಟ್ಟೆ. ಅರ್ಧ ಇಂಚಿನ ತಪ್ಪಿಗೆ 15 ಸೆಂಟಿಮೀಟರು ಹೆಚ್ಚಿಗೆ ಬೇಕು. ಆ ಕೇಂಬ್ರಿಕ್ ಥಾನಿನ ಕೊನೆಯ ತುಂಡು. ಅಬ್ಬಾ ಜೊತೆ ಹುಬ್ಬಳ್ಳಿಯ ಶಾಹ ಬಜಾರಿಗೆ ಹೋದಾಗ ಅದೇ ಬಣ್ಣ ಹುಡುಕಿದೆ. ದಾಳಿಂಬೆ ಹತ್ತು ತರಹ ಇತ್ತು, ಅದೊಂದು ಇರಲಿಲ್ಲ. ಒಂದೇ ಬಟ್ಟೆಯನ್ನು ಮುಂದಿನ ಸಲವೂ ಬಣ್ಣದಲ್ಲಿ ಸ್ವಲ್ಪವೂ ವ್ಯತ್ಯಾಸವಿಲ್ಲದೆ ಕೊಳ್ಳುವುದು ಕಷ್ಟ, ಅದಕ್ಕೇ ಹೆಂಗಸರು “ಸ್ವಲ್ಪ ಜಾಸ್ತಿನೇ ಇರಲಿ” ಎನ್ನುವುದು ಎಂದು ಅವತ್ತು ಅರ್ಥವಾಯಿತು.

ದಾದಿ ಎಲ್ಲವನ್ನೂ ಹಾಸಿ ನೋಡಿದರು. ಅವರ ಗುದಡಿಗಳಲ್ಲಿ ಬ್ಲಾಕ್ ಎಂಬುದೇ ಇಲ್ಲ. ಎರಡು ಹಳೆಯ ಸೀರೆಯನ್ನೋ ಲುಂಗಿಯನ್ನೋ ಪದರವಾಗಿ ಹಾಸಿ, ಹರಿದಲ್ಲಿ, ತೆಳುವಾದಲ್ಲಿ ಗೋಣಿಚೀಲದ ತುಂಡನ್ನು ಮೇಲಿಟ್ಟು, ಅರ್ಧ ಇಂಚಿಗೊಂದು ಸಾಲಿನಂತೆ ಸಾದಾ ಹೊಲಿಗೆ ಹಾಕುತ್ತ ಹೋಗುತ್ತಾರೆ. ಸೀರೆ ಮನೆಯಲ್ಲೇ ಇರುತ್ತದೆ, ಉದ್ದ ಅಗಲ ಆಗಲೇ ತೀರ್ಮಾನವಾಗಿರುತ್ತದೆ. ಚಿಕ್ಕ ಚೌಕದಿಂದ ದೊಡ್ಡದು ಕಟ್ಟುವ ಅಗತ್ಯವೇ ಇಲ್ಲ. “ಕಡಿಮೆ ಬಿದ್ದರೆ ಕಿನಾರಿ ಹಾಕು, ಅದಕ್ಕೆ ಅಳುತ್ತ ಕೂರಬೇಡ” ಎಂದರು. ಹಸಿರು ತುಂಡೊಂದನ್ನು ಆರಿಸಿ ನಾಲ್ಕೂ ಕಡೆ ಎರಡೂಕಾಲು ಇಂಚು ಪಟ್ಟಿ ಕೊಟ್ಟರು. 36 ಆಯಿತು. ಅಮೆರಿಕದ ಹಳೆಯ ಕ್ವಿಲ್ಟ್‌ಗಳ ಸುತ್ತ ಇರುವ ಪಟ್ಟಿಗಳನ್ನು ಅಂದಕ್ಕೆಂದು ಮಾಡಿದ್ದು ಎಂದುಕೊಂಡಿದ್ದೆ. ಈಗ ನೋಡಿದಾಗಲೆಲ್ಲ ಯಾರದೋ ಲೆಕ್ಕ ತಪ್ಪಿರಬಹುದು ಎನಿಸುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯೂ ಇದೆ. ನನ್ನ ಸಹಪಾಠಿಯೊಬ್ಬಳು ಸಿದ್ದಿ ಕುಟುಂಬದವಳು. ಶತಮಾನಗಳ ಹಿಂದೆ ಆಫ್ರಿಕದಿಂದ ಭಾರತಕ್ಕೆ ತರಲ್ಪಟ್ಟವರ ವಂಶದವರು ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳಿದ್ದಾರೆ. ಅವಳ ತಾಯಿ ಹೊಲಿದ ಕವಂದಿಯನ್ನು ನಾನು ನೋಡಿದ್ದೇನೆ. ಅದರಲ್ಲಿ ಮೊದಲು ಜೋಡಿಸಿ ಆಮೇಲೆ ಹೊಲಿಯುವುದು ಎಂಬುದಿಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಹಳೆಯ ಬಟ್ಟೆಯ ತುಂಡಿಟ್ಟು ಹೊಲಿಯುತ್ತ, ಅದರ ಪಕ್ಕ ಇನ್ನೊಂದಿಟ್ಟು ಹೊಲಿಯುತ್ತ, ಅಂಚಿನ ಸುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಜೋಡಣೆಯೂ ಹೊಲಿಗೆಯೂ ಒಟ್ಟಿಗೇ ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನ, ಅದಕ್ಕೆ ಹೂ ಎನ್ನುತ್ತಾರೆ. ಹೂ ಇಲ್ಲದಿದ್ದರೆ ಕವಂದಿ ಮುಗಿದಂತಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಾಲ್ ಇವರ ಕವಂದಿಗಳನ್ನು ಅಧ್ಯಯನ ಮಾಡಿದ ಮೇಲೆ ಅವು ಅಮೆರಿಕದ ಪ್ರದರ್ಶನಗಳಿಗೂ ಹೋಗಿವೆ. “ಅಳತೆ ಟೇಪು ಎಲ್ಲಿ?” ಎಂದು ನಾನು ಕೇಳಿದಾಗ ಅವಳ ತಾಯಿ ತಮ್ಮ ಗೇಣು ತೋರಿಸಿದರು. ಅರ್ಧ ಇಂಚಿನ ತಪ್ಪು ಆ ಪದ್ಧತಿಯಲ್ಲಿ ಆಗುವುದೇ ಇಲ್ಲ, ಮುಂದಿನ ತುಂಡು ಅದನ್ನು ನುಂಗಿಕೊಳ್ಳುತ್ತದೆ.

ಈಗ ಖರ್ಚಿನ ಪಟ್ಟಿ. ಬಟ್ಟೆ, ಕಿನಾರಿ, ದಾರ ಸೇರಿ ಅಂಗಡಿಯ ಅಸಲಿನಲ್ಲಿ ₹140. ಹಿಂಬದಿಗೆ ಅಮ್ಮಿಯ ಹಳೆಯ ಸೀರೆ, ಬೆಲೆ ಇಲ್ಲ. ನಮ್ಮ ಗುಂಪು ₹350ಕ್ಕೆ ಮಾರೋಣ, ₹210 ಲಾಭ ಎಂದು ಬರೆದು ಖುಷಿಪಟ್ಟಿತು. ನಾನೂ ಸಹಿ ಹಾಕಿದೆ. ಮನೆಗೆ ಬಂದರೆ ದಾದಿ ಕಿಟಕಿಯ ಬಳಿ ಕನ್ನಡಕ ಮೂಗಿಗೆ ಇಳಿಸಿಕೊಂಡು 40ನೆಯ ಸಾಲೋ 50ನೆಯ ಸಾಲೋ ಹೊಲಿಯುತ್ತಿದ್ದರು. ಅಸರ್ ನಮಾಜಿನ ನಂತರ ಕೂತರೆ ಮಗ್ರಿಬ್‌ವರೆಗೆ, ದಿನಕ್ಕೆ ಎರಡು ಗಂಟೆಯಂತೆ 13 ದಿನ. 70ಕ್ಕೂ ಹೆಚ್ಚು ಸಾಲು. ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದರು.

ಅವತ್ತು ರಾತ್ರಿ ಲೆಕ್ಕ ಮತ್ತೆ ತೆಗೆದೆ. ದಾದಿಯ 26 ಗಂಟೆ, ನನ್ನ 6 ಗಂಟೆ, ಒಟ್ಟು 32. ₹210ನ್ನು 32ರಿಂದ ಭಾಗಿಸಿದರೆ ಗಂಟೆಗೆ 6 ರೂಪಾಯಿ 56 ಪೈಸೆ. ನಾವು ಲಾಭ ಎಂದು ಬರೆದದ್ದು ಲಾಭ ಅಲ್ಲ, ಕೊಡದೆ ಬಿಟ್ಟ ಮಜೂರಿ. ಗೃಹಿಣಿಯರು ಮನೆಯಲ್ಲಿ ಮಾಡುವ ಕೆಲಸಕ್ಕೆ ಸಂಬಳ ಇಲ್ಲದ ಕಾರಣ ಅದು ಜಿಡಿಪಿಯಲ್ಲಿ ಸೇರುವುದಿಲ್ಲ ಎಂದು ಅರ್ಥಶಾಸ್ತ್ರದಲ್ಲಿ ಒಂದು ಸಾಲು ಓದಿ, ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ನಮ್ಮ ಗಲ್ಲಿಯ ದರ್ಜಿ ಸಹಾಯಕನಿಗೆ 8 ಗಂಟೆಯ ದಿನಕ್ಕೆ ₹400 ಕೊಡುತ್ತಾರೆ, ಗಂಟೆಗೆ ₹50. ಆ ದರ ಹಾಕಿದರೆ 32 ಗಂಟೆಗೆ ₹1600, ಬಟ್ಟೆ ದಾರ ₹140, ಒಟ್ಟು ₹1740. ಲಾಭ ಇನ್ನೂ ಸೇರಿಸಿಲ್ಲ.

ಹೊಲಿಯುವ ಹೆಂಗಸರು ಮಾರಾಟಕ್ಕೆ ಇಳಿದಾಗ ಎಲ್ಲ ಕಡೆಯೂ ಇದೇ ಪ್ರಶ್ನೆ ಬಂದಿದೆ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಬಡ ಊರಿನಲ್ಲಿ, ಗುಲಾಮರಾಗಿದ್ದವರ ವಂಶದ ಹೆಂಗಸರು ಹೊಲದ ಕೆಲಸದ ಹಳೆಯ ಪ್ಯಾಂಟು, ಅಂಗಿಗಳಿಂದ ಕ್ವಿಲ್ಟ್ ಹೊಲಿಯುತ್ತಿದ್ದರು. ಅಳತೆ ಅವರ ಕಣ್ಣಿನಲ್ಲೇ. 1966ರಲ್ಲಿ ಆ ಭಾಗದ ಹೆಂಗಸರು ಸೇರಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. ದುಡಿಮೆಗೆ ದುಡ್ಡು ಬಂತು, ಆದರೆ ಪೇಟೆಯ ಗಿರಾಕಿಗಳಿಗೆ ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ ಬೇಕಿತ್ತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರು ಹೊಲಿದು ಕೊಟ್ಟರು. ಅದರ ಚಿಂದಿಯನ್ನು ಮನೆಗೆ ಒಯ್ದು ತಮ್ಮ ಕ್ವಿಲ್ಟುಗಳನ್ನು ತಮ್ಮ ರೀತಿಯಲ್ಲೇ ಹೊಲಿದುಕೊಂಡರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆಗೆ ಏರಿದ್ದು ಹಾಗೆ ತಮ್ಮ ರೀತಿಯಲ್ಲಿ ಹೊಲಿದ ಕ್ವಿಲ್ಟುಗಳು.

ನಾನು ದಾದಿಗೆ ಎರಡೂ ಲೆಕ್ಕ ಓದಿ ಹೇಳಿದೆ. “ನನ್ನ ಮೊಮ್ಮಗನ ಕಾಲೇಜಿಗೆ ತಾನೇ, ದುಡ್ಡು ನಕ್ಕೋ” ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ದಾರ ಹಲ್ಲಿನಿಂದ ಕಡಿದು, “ಹದಿನೇಳುನೂರಾ ನಲವತ್ತೇ ಬರಿ. ಯಾರೂ ತಗೊಳ್ಳದಿದ್ದರೆ ನಾಚಿಕೆ ನನಗೇನಿಲ್ಲ” ಎಂದರು.

ಗುಂಪಿನಲ್ಲಿ ಜಗಳವಾಯಿತು. ₹350 ಇದ್ದರೆ ಮೊದಲ ಅರ್ಧ ಗಂಟೆಯಲ್ಲೇ ಹೋಗುತ್ತದೆ, ಗೆಲ್ಲಬೇಕೋ ಬೇಡವೋ ಎಂದರು. ಕೊನೆಗೆ ₹1740ರ ಚೀಟಿಯನ್ನು ನಾನೇ ಅಂಟಿಸಿದೆ, ಕೆಳಗೆ ಗಂಟೆಗಳ ಲೆಕ್ಕವನ್ನೂ ಬರೆದೆ. ಬಿಸಿನೆಸ್ ಡೇ ದಿನ ನಮ್ಮ ಮಳಿಗೆಯ ಮುಂದೆ ಜನ ನಿಂತರು, ಮುಟ್ಟಿ ನೋಡಿದರು, ಬೆಲೆ ಓದಿ ನಕ್ಕರು. ಕೆಲವರು ಲೆಕ್ಕ ಓದಿ ಸುಮ್ಮನಾದರು. ಒಬ್ಬ ಮೇಡಂ ₹500 ಕೊಡುತ್ತೇನೆ ಎಂದರು, ಪ್ರೀತಿಯಿಂದಲೇ. ನಾನು ಕೊಡಲಿಲ್ಲ. ಮೆಹೆಂದಿ ಮಳಿಗೆಗೆ ಮೊದಲ ಬಹುಮಾನ ಬಂತು. ನಮಗೆ ಬೆಲೆ ನಿಗದಿಯಲ್ಲಿ 10ಕ್ಕೆ 3 ಅಂಕ. ತೀರ್ಪುಗಾರರು ‘ಮಾರುಕಟ್ಟೆಯನ್ನು ಗಮನಿಸಿಲ್ಲ’ ಎಂದು ಬರೆದಿದ್ದರು. ಅದೂ ಸುಳ್ಳಲ್ಲ. ಗುಂಪಿನ ಇಬ್ಬರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಗುದಡಿ ಈಗ ಅಬ್ಬಾ ಅವರ ಅಂಗಡಿಯಲ್ಲಿ ಥಾನುಗಳ ಮೇಲೆ ತೂಗುತ್ತಿದೆ, ಚೀಟಿ ಸಮೇತ. ಮುಂದಿನ ರಂಜಾನ್‌ಗೆ ಆ ಕಪಾಟನ್ನು ರೆಡಿಮೇಡಿಗೆ ಕೊಡಬೇಕು ಎಂದು ಅಬ್ಬಾ ಹೇಳುತ್ತಿದ್ದಾರೆ, ಕಟ್‌ಪೀಸಿನ ವ್ಯಾಪಾರ ಮೊದಲಿನಂತಿಲ್ಲ. ಕಳೆದ ಭಾನುವಾರ ಲೈನಿಂಗ್ ಬಟ್ಟೆಗೆ ಬಂದ ಒಬ್ಬ ವಯಸ್ಸಾದ ಅಜ್ಜಿ ಗುದಡಿಯನ್ನು ಕೆಳಗಿಳಿಸಲು ಹೇಳಿದರು. ಬಾಗಿಲ ಬಿಸಿಲಿಗೆ ಒಯ್ದು ಹಿಂಬದಿ ತಿರುಗಿಸಿ ಹೊಲಿಗೆಯ ಸಾಲುಗಳ ಮೇಲೆ ಬೆರಳಾಡಿಸಿದರು. ಓದಲು ಬರುವುದಿಲ್ಲ ಎಂದು ಬೆಲೆ ನನ್ನನ್ನೇ ಕೇಳಿದರು. ನಾನು ಅಳುಕುತ್ತಲೇ ಹೇಳಿದೆ.

“ಬರೋಬ್ಬರಿ ಐತಿ” ಎಂದು ಮಡಚಿ ಕೈಗೆ ಕೊಟ್ಟು, ಲೈನಿಂಗಿನ ದುಡ್ಡು ಎಣಿಸತೊಡಗಿದರು.